ಇಲ್ಲದ ಬೆರಳಿನ ಅಪೀಲು

ದೆವ್ವ ಕಂಡವರು ಬೇಕಾದಷ್ಟು ಜನ ಇದ್ದಾರೆ. ತಾನೇ ದೆವ್ವವಾಗಿ ಕೆಲವು ಕಾಲ ಬದುಕಿ ಬಂದವರು ಕಡಿಮೆ. ನಾನು ಅಂಥವನು, ನಾಚಿಕೆಯಿಂದಲೇ ಹೇಳಿಕೊಳ್ಳುತ್ತಿದ್ದೇನೆ. ಚಾಮರಾಜನಗರದ ಆಚೆ ಒಂದು ಕರಿಕಲ್ಲು ಫ್ಯಾಕ್ಟರಿಯಲ್ಲಿ ಕಲ್ಲು ಕೊಯ್ಯುವ ಮೆಷಿನ್ನಿನ ಮುಂದೆ ವರ್ಷಗಟ್ಟಲೆ ನಿಂತಿದ್ದೆ. ಒಂದು ದಿನ ಅದು ಕಲ್ಲಿನ ಜೊತೆಗೆ ನನ್ನ ಎಡಗೈಯ ತೋರುಬೆರಳನ್ನೂ ಕೊಯ್ದಿತು. ಪರಿಹಾರ ಕೇಳಿ ಕೇಸು ಹಾಕಿದರೆ ಫ್ಯಾಕ್ಟರಿಯ ಮ್ಯಾನೇಜರು ಕಟಕಟೆಯಲ್ಲಿ ನಿಂತು, ನನ್ನ ಮುಖವನ್ನೇ ನೋಡುತ್ತಾ, “ಈ ಮನುಷ್ಯನ್ನ ನಾನು ಇವತ್ತೇ ನೋಡ್ತಿರೋದು ಸಾರ್” ಎಂದ. ಎಷ್ಟು ಸಲೀಸಾಗಿ ಅಂದನೆಂದರೆ ನನಗೇ ಒಂದು ಕ್ಷಣ ಅನುಮಾನ ಬಂತು. ನನ್ನ ಕಡೆಗಿದ್ದ ಒಬ್ಬಳೇ ಸಾಕ್ಷಿ, ಫ್ಯಾಕ್ಟರಿಯಲ್ಲಿ ಕಲ್ಲಿನ ಕೆಸರು ಬಳಿದು ತೆಗೆಯುವ ಮಾದಮ್ಮ. ಅವಳ ಬಸ್ಸು ಸಂತೆಮರಹಳ್ಳಿಯಲ್ಲಿ ಕೆಟ್ಟು ನಿಂತಿತ್ತು. ಇನ್ನೊಂದು ದಿನ ಕೊಡಿ ಎಂದು ನಮ್ಮ ಲಾಯರು ಬೇಡಿದರೂ ಜಡ್ಜು ಒಪ್ಪಲಿಲ್ಲ. ನಾನು ಅಲ್ಲಿ ಕೆಲಸಕ್ಕೇ ಇರಲಿಲ್ಲವೆಂದು ತೀರ್ಪಾಯಿತು.

ಮಾರನೆಯ ದಿನ ಫ್ಯಾಕ್ಟರಿಯ ಗೇಟಿಗೆ ಹೋದೆ. ದಿನಾ ನನ್ನ ಜೊತೆ ಟೀ ಕುಡಿಯುತ್ತಿದ್ದ ವಾಚ್‌ಮನ್ ಸಿದ್ದಣ್ಣನಿಗೆ “ನಾನು ಕಣಣ್ಣ” ಎಂದರೆ, ಅವನು ನಾನು ಗಾಜೇನೋ ಎಂಬಂತೆ ನನ್ನ ಹಿಂದಿನ ರಸ್ತೆಯನ್ನು ನೋಡಿದ. ಊಟಕ್ಕೆ ಹೊರಬಂದವರು ನನ್ನ ಎರಡೂ ಪಕ್ಕದಲ್ಲಿ ಸದ್ದಿಲ್ಲದೆ ಸರಿದುಹೋದರು, ಒಬ್ಬನೂ ಕಣ್ಣೆತ್ತಲಿಲ್ಲ. ಅಲ್ಲಿಯ ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತಾ ಬಂದು ನನ್ನ ಎಡಗೈ ಮೂಸಿತು. ಬೆರಳಿಲ್ಲದ ಜಾಗಕ್ಕೆ ಬಂದದ್ದೇ ಕುಂಯ್‌ಗುಟ್ಟಿ ಹಿಂದೆ ಸರಿಯಿತು. ವಾಪಸು ಬರುವಾಗ ಬಸ್ಸಿನ ಕಂಡಕ್ಟರು ಟಿಕೆಟ್ ಕೇಳದೆ ನನ್ನನ್ನು ದಾಟಿಹೋದ. ಬೇರೆ ದಿನವಾಗಿದ್ದರೆ ಖುಷಿಪಡುತ್ತಿದ್ದೆ. ಅವತ್ತು ಅವನ ಷರಟು ಹಿಡಿದು ಟಿಕೆಟ್ ಕೊಡುವಂತೆ ಗೋಗರೆದೆ.

ಅಂದಿನಿಂದ ಇಲ್ಲದ ಬೆರಳು ತಣ್ಣಗೆ ಕೊರೆಯತೊಡಗಿತು. “ಒದ್ದೆ ಮಣ್ಣು ಮೆತ್ತಿದ ಹಾಗಿದೆ ಕಣೇ” ಎಂದರೆ ಹೆಂಡತಿ, “ಇಲ್ದೇ ಇರೋ ಬೆರಳ್ಗೆ ಅದ್ಯಾವ ಮಣ್ಣು? ಸುಮ್ಕಿರಿ, ಎದ್ರುಸ್ಬ್ಯಾಡಿ” ಎಂದು ದೂರ ಸರಿದು ಕೂತಳು.

ಗುಂಡ್ಲುಪೇಟೆಯ ನಮ್ಮ ಲಾಯರು, “ನಿಮ್ಮ ಸಾಕ್ಷಿಗೆ ಅವಕಾಶವನ್ನೇ ಕೊಟ್ಟಿಲ್ಲ, ಅಪೀಲಿಗೆ ಅಷ್ಟು ಸಾಕು” ಎಂದರು. ಮೇಲಿನ ಕೋರ್ಟು ಅವರ ಮಾತು ಒಪ್ಪಿ, ಮಾದಮ್ಮನನ್ನು ಕೇಳಿ ಮತ್ತೆ ತೀರ್ಮಾನಿಸಿ ಎಂದು ಕೇಸನ್ನು ವಾಪಸು ಕಳಿಸಿತು. ಈ ಸಲ ಮಾದಮ್ಮ ಬಂದಳು. ನಮ್ಮ ಲಾಯರು ಕೇಳಿದರು:

“ಬೆರಳು ಬಿದ್ದದ್ದು ನೋಡಿದೆಯಾ?”

“ನೋಡೋದೇನ್ ಬುದ್ದಿ, ನಾನೇ ಸೆರಗ್ನಲ್ಲಿ ಎತ್ಕೊಂಡೆ. ಇನ್ನೂ ಬಿಸಿ ಇತ್ತು. ಫ್ಯಾಕ್ಟ್ರಿ ಇಂದ್ಗಡೆ ಹೊಂಗೆ ಮರದ್ ಬುಡ್ದಲ್ಲಿ ಊತ್ಬುಟ್ಟೆ.”

ನನ್ನ ಕೈಯಲ್ಲಿ ಆ ತಣ್ಣನೆಯ ಮಣ್ಣು ಜುಮ್ಮೆಂದಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಮ್ಯಾನೇಜರು ಬಿಳಿಚಿಕೊಂಡು ಎದ್ದು ಕೂಗಿದ: “ಮೋರಿಗೆ ಎಸಿ ಅಂದಿದ್ನಲ್ಲಾ ನಿಂಗೆ!”

ಆಮೇಲೆ ವಾದಿಸಲು ಏನೂ ಉಳಿಯಲಿಲ್ಲ. ನಾನು ಅಲ್ಲಿ ದುಡಿದವನೇ ಎಂದು ತೀರ್ಪು ಬಂತು, ಪರಿಹಾರವೂ ಸಿಕ್ಕಿತು. ಆದರೆ ಹೆಂಡತಿಗೆ ಸಮಾಧಾನವಿಲ್ಲ. ಮಣ್ಣಾದದ್ದಕ್ಕೆ ಏನೂ ಮಾಡದಿದ್ದರೆ ಹೇಗೆ ಎಂದು, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಎಲೆಯ ಮೂಲೆಯಲ್ಲಿ ನನ್ನ ಬೆರಳಿಗೂ ಒಂದು ವಡೆ ಇಡುತ್ತಾಳೆ. ಪೂಜೆ ಮುಗಿದ ಮೇಲೆ, “ನಿಮ್ದೇ ಅಲ್ವಾ, ತಿನ್ನಿ” ಎಂದು ನನ್ನ ಕೈಗೇ ಕೊಡುತ್ತಾಳೆ. ಉಪ್ಪು ಕಡಿಮೆ ಎನ್ನಲು ಮಾತ್ರ ಧೈರ್ಯವಿಲ್ಲ. ಸತ್ತವರು ಅಡುಗೆಯಲ್ಲಿ ತಪ್ಪು ಹುಡುಕಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ.