ಕರೀ ಗಾಡಿ, ಹೆಗಲ ಮೇಲಿನ ಟವೆಲ್

ಡ್ರೈವರನಾದವನಿಗೆ ದಾರಿಯಲ್ಲಿ ಒಂದಿಲ್ಲೊಂದು ಆಗುತ್ತಲೇ ಇರುತ್ತದೆ. ನನಗೆ ಮಾತ್ರ ಆಗಿದ್ದೆಲ್ಲ ಗಾಡಿ ನಿಂತ ಮೇಲೆಯೇ.

ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರಲ್ಲಿ ನಾನು ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ವರ್ಷಗಳವು, ಹಾವೇರಿಯವರೆಗೂ ಧೂಳೇ ಧೂಳು. ಅಂಥ ಹೊತ್ತು ನೋಡಿ ನಮ್ಮ ಸಾಹುಕಾರರು ಮುಂಬೈಯಿಂದ ಕರೀ ಬಣ್ಣದ ಸ್ಪೋರ್ಟ್ಸ್ ಕಾರು ತರಿಸಿದರು. ನೆಲಕ್ಕೆ ಹತ್ತಿಕೊಂಡಂತಿರುವ ಗಾಡಿ, ಎರಡೇ ಸೀಟು. ಊರೆಲ್ಲ ಬಂದು ನೋಡಿ ಹೋಯಿತು. ಸಾಹುಕಾರರ ತಾಯಿ ಮಾತ್ರ, ಅದರಲ್ಲಿ ಕೂಡ್ರುವುದಲ್ಲ ಮಲಗುವುದು ಎಂದು ಹೇಳಿ ಹತ್ತಿರ ಬರಲಿಲ್ಲ. ಆ ಕೊರಗು ಸಾಹುಕಾರರಿಗೆ ಇದ್ದೇ ಇತ್ತು.

ಗಾಡಿ ತಂದುಕೊಟ್ಟವನು ನನಗೊಂದು ಪಾಠ ಹೇಳಿ ಹೋದ. ಧೂಳು ಅಂದರೆ ಸಣ್ಣ ಮರಳೇ, ಒಣ ಬಟ್ಟೆಯಲ್ಲಿ ಒರೆಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಮೊದಲು ನೀರು ಸುರಿದು ಧೂಳು ಇಳಿಸಬೇಕು, ಆಮೇಲೆ ಸೋಪಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆ, ಅದೂ ಒತ್ತದೆ. ಸಾಹುಕಾರರು ಕೀಲಿ ಕೊಡುತ್ತಾ ಒಂದೇ ಮಾತು ಹೇಳಿದರು:

"ಒಂದ ಗೀರ ಬಿತ್ತಂದ್ರ ಮತ್ತ ಟ್ರ್ಯಾಕ್ಟರ್ ಮ್ಯಾಲ ಬರ್ತಿ ನೋಡು."

ಟ್ರ್ಯಾಕ್ಟರ್ ಓಡಿಸುವುದು ಕೆಟ್ಟದ್ದಲ್ಲ. ಆದರೆ ಅಷ್ಟರಲ್ಲಿ ನನ್ನ ಹೆಂಡತಿ ಕುಪ್ಪೇಲೂರಿನ ತವರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಇನ್ನು ಇಳಿದರೆ ಮಾನ ಹೋದಂತೆಯೇ.

ಕಷ್ಟ ಏನೆಂದರೆ, ನಮ್ಮ ಕಡೆಯ ಮಂದಿಗೆ ಗೌರವ ಉಕ್ಕಿತೆಂದರೆ ಕೈ ಮೊದಲು ಹೆಗಲಿಗೆ ಹೋಗುತ್ತದೆ. ಟವೆಲ್ ತೆಗೆದು ಕಟ್ಟೆ ಒರೆಸುತ್ತಾರೆ, ಕುರ್ಚಿ ಒರೆಸುತ್ತಾರೆ, ಆಮೇಲೆ ಕೂಡ್ರಿ ಅನ್ನುತ್ತಾರೆ. ಸಿಟ್ಟಿದ್ದವರಿಂದ ಗಾಡಿಗೆ ಏನೂ ಆಗುತ್ತಿರಲಿಲ್ಲ. ನನಗೆ ಭಯವಿದ್ದದ್ದು ಪ್ರೀತಿ ಇದ್ದವರದ್ದು.

ಮಾವನವರ ಗೌರವ

ಮೊದಲ ಗಂಡಾಂತರ ಕುಪ್ಪೇಲೂರಲ್ಲೇ. ಸಾಹುಕಾರರು ಬೀಜದ ಹೊಲ ನೋಡಲು ಇಳಿದು ಹೋದರು. ಸುದ್ದಿ ತಿಳಿದು ನನ್ನ ಮಾವನವರು ಓಡಿಬಂದರು. ಆಗಷ್ಟೇ ಎತ್ತಿನ ಮೈ ಒರೆಸಿದ ಟವೆಲ್ ಹೆಗಲ ಮೇಲಿತ್ತು. ಅಳಿಯ ತಂದ ಗಾಡಿ, ಮೇಲೆ ಬೆರಳುದ್ದ ಧೂಳು. ಅವರ ಕೈ ಹೆಗಲಿಗೆ ಹೋಯಿತು.

ಹೆಣ್ಣು ಕೊಟ್ಟ ಮಾವನಿಗೆ ಮುಟ್ಟಬೇಡಿ ಅನ್ನುವುದು ಹೇಗೆ? ಟವೆಲ್ ಬಾನೆಟ್ಟಿಗೆ ಇನ್ನೊಂದು ಗೇಣಿದೆ ಅನ್ನುವಾಗ ನಾನು ನಡುವೆ ನುಗ್ಗಿ ಎದೆ ಕೊಟ್ಟೆ. ಮೊದಲು ನನ್ನ ಅಂಗಿ ಒರೆಸಿರಿ ಎಂದು ಬೇಡಿಕೊಂಡೆ. ಕಿಟಕಿ ಇಳಿಸಿಕೊಂಡು ಬಂದಿದ್ದರಿಂದ ನನ್ನ ಮೈಮೇಲೂ ಧೂಳು ಬೇಕಾದಷ್ಟಿತ್ತು. ಅವರು ತಲೆಯಿಂದ ಶುರು ಮಾಡಿದರು. ಹೊಡೆದು ಹೊಡೆದು ಒರೆಸಿ, ಮೊಳಕಾಲಿಗೆ ಬರುವಷ್ಟರಲ್ಲಿ ಅವರಿಗೇ ದಮ್ಮು ಹತ್ತಿತು. ಟವೆಲ್ ಕೊಡವಿಕೊಳ್ಳುತ್ತಾ ಕೇಳಿದರು:

"ಅಳಿಯಂದ್ರ, ಗಾಡ್ಯಾಗ ಕುಂತ ಬಂದ್ರ್ಯೋ, ಗಾಡಿ ಹಿಂದ ಓಡ್ಕೊಂತ ಬಂದ್ರ್ಯೋ?"

ತಪ್ಪು ಅಕ್ಷರ

ಹಾವೇರಿಯ ಕಚೇರಿಯೊಂದರ ಮುಂದೆ ಗಾಡಿ ನಿಲ್ಲಿಸಿ ಚಹಾಕ್ಕೆ ಹೋಗಿದ್ದೆ. ಬಂದು ನೋಡಿದರೆ ಹಿಂದಿನ ಧೂಳಿನ ಮೇಲೆ ಯಾರೋ ಬೆರಳಲ್ಲಿ 'ತೋಳೆಯಿರಿ' ಎಂದು ಬರೆದುಹೋಗಿದ್ದರು. ಅದು ಸಾಲದೆಂಬಂತೆ ನಿವೃತ್ತ ಮಾಸ್ತರರೊಬ್ಬರು ಬಗ್ಗಿ ನಿಂತು, ತೋರುಬೆರಳು ಚಾಚಿ, ಆ ದೀರ್ಘವನ್ನು ಅಳಿಸಲು ತಯಾರಾಗಿದ್ದರು.

ಕೈಮುಗಿದು ತಡೆದೆ. ಬೆರಳು ಆಡಿಸಿದರೆ ಗೀರು ಬೀಳುತ್ತದೆ, ನೀರು ಸುರಿಯುತ್ತೇನೆ, ತಪ್ಪೂ ಹೋಗುತ್ತದೆ ಧೂಳೂ ಹೋಗುತ್ತದೆ ಎಂದೆ. ಅವರು ಒಪ್ಪಿದರು, ಆದರೆ ಬೆರಳನ್ನು ಪೂರ್ತಿ ಮಡಚಲಿಲ್ಲ. ಗಾಡಿಯಲ್ಲಿ ಯಾವಾಗಲೂ ಇಟ್ಟುಕೊಳ್ಳುವ ಎರಡು ಕ್ಯಾನು ನೀರು ತಂದು ನಿಧಾನಕ್ಕೆ ಸುರಿದೆ. ಬಿಸಿಲಿಗೆ ಓರೆಯಾಗಿ ಕಣ್ಣಿಟ್ಟು ಗೀರು ಹುಡುಕಿದೆ. ಬರೆದ ಪುಣ್ಯಾತ್ಮ ಮಿರ್ಚಿ ಬಜಿ ತಿಂದ ಬೆರಳಲ್ಲೇ ಬರೆದಿದ್ದ, ಅಲ್ಲಿದ್ದದ್ದು ಎಣ್ಣೆಯ ಪಸೆ ಮಾತ್ರ. ಜೀವ ಬಂದಂತಾಯಿತು.

ಮಾಸ್ತರರಿಗೆ ಸಮಾಧಾನವಿರಲಿಲ್ಲ. "ಅಳಿಸಿಬಿಟ್ಟೆಲ್ಲಪಾ," ಅಂದರು, "ತಿದ್ದಿದ್ರ ಅವ ಕಲೀತಿದ್ದ."

ಬ್ಯಾಡಗಿಯ ಕೆಂಪು ಧೂಳು

ಒಂದು ಶನಿವಾರ ಸಾಹುಕಾರರನ್ನು ಕರೆದುಕೊಂಡು ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯಲ್ಲಿ ಗಾಡಿ ನಿಲ್ಲಿಸಿದ ಪಕ್ಕದಲ್ಲೇ ಕಾಯಿಯ ಚೀಲ ಸುರಿಯುತ್ತಿದ್ದರು. ಅರ್ಧ ತಾಸಿನಲ್ಲಿ ಕರೀ ಗಾಡಿ ಕೆಂಪಗಾಯಿತು. ಕ್ಯಾನು ಎತ್ತಿದ್ದೇ ತಡ, ಅಂಗಡಿಯವರು ಓಡಿಬಂದು ಕೈ ಹಿಡಿದರು. ಕೆಳಗೆಲ್ಲ ಒಣಗಿದ ಕಾಯಿ ಹರವಿದೆ, ಒಂದು ಹನಿ ತಾಗಿದರೂ ಮಾಲು ಕೆಡುತ್ತದೆ ಎಂದು ಗದರಿದರು. ಒರೆಸುವಂತಿಲ್ಲ, ತೊಳೆಯುವಂತಿಲ್ಲ.

ಟವೆಲ್ ಹೊತ್ತ ಹತ್ತಿಪ್ಪತ್ತು ಮಂದಿ ಸುತ್ತ ನೆರೆದರು. ನಾನು ಕೈ ಚಾಚಿ ಗಾಡಿಗೆ ಅಡ್ಡ ನಿಂತೆ. ಅಷ್ಟರಲ್ಲಿ ಗಾಳಿ ಬೀಸಿತು. ಒಬ್ಬೊಬ್ಬರಾಗಿ ಟವೆಲ್ ತೆಗೆದರು, ಎಲ್ಲರೂ ತಮ್ಮ ತಮ್ಮ ಮೂಗಿಗೆ ಹಿಡಿದುಕೊಂಡರು.

ಕದರಮಂಡಲಗಿಯಲ್ಲಿ ಅವ್ವ

ವಾಪಸು ಬರುವಾಗ ಸಾಹುಕಾರರು ಕದರಮಂಡಲಗಿಯ ಆಂಜನೇಯನಿಗೆ ಕೈಮುಗಿದು ಹೋಗೋಣ ಎಂದರು. ಅಲ್ಲಿ ನಳ ಇದೆ, ಹೇಗೂ ಗಾಡಿ ತೊಳೆದರಾಯಿತು ಎಂದುಕೊಂಡು ನಾನು ಎರಡೂ ಕ್ಯಾನು ಬಾಯಿಮಟ್ಟ ತುಂಬಲು ಹೋದೆ.

ತಿರುಗಿ ನೋಡಿದರೆ ಗಾಡಿಯ ಹತ್ತಿರ ಸಾಹುಕಾರರ ತಾಯಿ. ಓಣಿಯ ಹೆಣ್ಣುಮಕ್ಕಳ ಜತೆ ಬಸ್ಸಿಗೆ ಬಂದಿದ್ದರಂತೆ. ಮೊಳಕಾಲು ಹಿಡಿದುಕೊಂಡು ಅವರು ಮಗನಿಗೆ ಹೇಳಿದ ಮಾತು ನನಗೂ ಕೇಳಿಸಿತು:

"ಬಸ್ಸ ಹತ್ತಾಕ ಆಗೂದಿಲ್ಲಪಾ. ಇವತ್ತ ನಿನ್ನ ಗಾಡ್ಯಾಗ ಕುಂದ್ರತೇನಿ."

ಸಾಹುಕಾರರ ಮುಖ ಅರಳಿತು. ಆ ಕ್ಷಣ ಅವರಿಗೆ ಮುಂಬೈಯವನ ಪಾಠ ನೆನಪಿರಲಿಲ್ಲ, ನನಗೆ ಹೇಳಿದ ಮಾತೂ ನೆನಪಿರಲಿಲ್ಲ. ಅವ್ವನ ಸೀರೆಗೆ ಧೂಳು ಹತ್ತಬಾರದು, ಅಷ್ಟೇ. ಅವರ ಕೈ ಹೆಗಲಿಗೆ ಹೋಯಿತು. ನಾನು ಎರಡು ಕ್ಯಾನು ಹೊತ್ತು, ನೀರು ಚೆಲ್ಲುತ್ತಾ, "ಸಾವ್ಕಾರ್ರ, ನೀರು, ನೀರು" ಎಂದು ಓಡಿದೆ. ಮುಟ್ಟುವಷ್ಟರಲ್ಲಿ ಅವರು ಬಾಗಿಲನ್ನು ಒತ್ತಿ ಒತ್ತಿ ಒರೆಸಿ ಮುಗಿಸಿದ್ದರು. ಕರೀ ಬಣ್ಣದ ಮೇಲೆ ಬೆಳ್ಳಗೆ ಮೂರು ಗೀರು.

ಅವರು ಗೀರು ನೋಡಿದರು. ನಾನು ಅವರನ್ನು ನೋಡಿದೆ. ಹಣೆಯಲ್ಲಿ ಬೆವರೊಡೆದು, ಅದೇ ಟವೆಲ್ಲಿನಿಂದ ಸಾಹುಕಾರರು ಮುಖ ಒರೆಸಿಕೊಂಡುಬಿಟ್ಟರು. ಬ್ಯಾಡಗಿಯ ಖಾರವೆಲ್ಲ ಕಣ್ಣಿಗೆ ಹತ್ತಿತು. ಮತ್ತೆ ಉಜ್ಜಿಕೊಳ್ಳಲು ಹೋದವರ ಕೈ ಹಿಡಿದು, ಕಲಿತ ಪಾಠದ ಪ್ರಕಾರವೇ ಮಾಡಿದೆ. ಮೊದಲು ನಿಧಾನಕ್ಕೆ ನೀರು, ಆಮೇಲೆ ಮೆತ್ತನೆ ಬಟ್ಟೆ, ಅದೂ ಒತ್ತದೆ. ಗಾಡಿಗೆಂದು ತಂದ ನೀರು ಪೂರ್ತಿ ಅವರಿಗೇ ಖರ್ಚಾಯಿತು. ಆದರೂ ಕಣ್ಣು ಬಿಡಲಾಗಲಿಲ್ಲ, ನೀರು ಧಾರಾಕಾರ.

ತಾಯಿ ಮಗನ ಬೆನ್ನು ಸವರಿ, "ಅಳಬ್ಯಾಡೋ ತಮ್ಮಾ, ಕುಂದ್ರತೇನಿ ಅಂದ್ನೆಲ್ಲ," ಅಂದರು.

ಕಣ್ಣು ಕಾಣದವರು ಓಡಿಸುವುದು ಆಗದ ಮಾತು. ಇರುವುದು ಎರಡೇ ಸೀಟು, ಒಂದರಲ್ಲಿ ನಾನು, ಇನ್ನೊಂದರಲ್ಲಿ ತಾಯಿ. ಅಷ್ಟರಲ್ಲಿ ರಾಣೆಬೆನ್ನೂರಿಗೆ ಹೊರಟ ಟ್ರ್ಯಾಕ್ಟರೊಂದು ಬಂತು. ಅದರ ಡ್ರೈವರ್ ಸಾಹುಕಾರರ ಗುರುತು ಹಿಡಿದು ಕೆಳಗಿಳಿದ, ಹೆಗಲ ಮೇಲಿನ ಟವೆಲ್ ತೆಗೆದು ಮಡ್‌ಗಾರ್ಡ್ ಒರೆಸಿ, ಬಹಳ ಗೌರವದಿಂದ ಅವರನ್ನು ಅಲ್ಲಿ ಕೂಡ್ರಿಸಿಕೊಂಡ.

ನಮ್ಮ ಕರೀ ಗಾಡಿ ಮುಂದೆ ಹೊರಟಿತು. ತಾಯಿ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ಇಷ್ಟು ದೊಡ್ಡ ಗಾಡಿ ತಗೊಂಡವನು ಟ್ರ್ಯಾಕ್ಟರ್ ಮೇಲೆ ಯಾಕೆ ಬರುತ್ತಿದ್ದಾನೆ ಎಂದು ಕೇಳಿದರು.

"ಗೀರ ಹಾಕಿದವರು ಟ್ರ್ಯಾಕ್ಟರ್ ಮ್ಯಾಲ ಬರಬೇಕಂತ ಅವರ ಹೇಳ್ಯಾರ್ರೀ ಅಮ್ಮಾರ," ಅಂದೆ.