ಜರ್ಮನ್ ಹೆಂಗಸನ್ನು ಹಿಡಿದುಕೊಂಡ ನಮ್ಮತ್ತೆ

ನೈರೋಬಿಯ ಕನ್ನಡಿಗರಲ್ಲಿ ನಮ್ಮ ಸೋದರತ್ತೆಯ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಆಕೆಗೆ ಯಾವುದೋ ಜರ್ಮನ್ ಹೆಂಗಸಿನ ದೆವ್ವ ಹಿಡಿದಿದೆಯಂತೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಸಾಕ್ಷ್ಯ ನೋಡದೆ ಮಾತಾಡುವುದಿಲ್ಲ. ಸಾಕ್ಷ್ಯ ಹೇಳುವುದು ತದ್ವಿರುದ್ಧ. ಹಿಡಿದಿರುವುದು ಅತ್ತೆಯೇ! ಆ ಜರ್ಮನ್ ಹೆಂಗಸು ಪಾಪ, ಸತ್ತು ನೂರು ವರ್ಷ ದಾಟಿದ್ದರೂ ಬಿಡಿಸಿಕೊಳ್ಳಲಾಗದೆ ಸೌತ್ ಬಿ ಬಡಾವಣೆಯ ಅತ್ತೆ ಮನೆಯ ಎರಡನೇ ಮಹಡಿಯಲ್ಲಿ ಸಿಕ್ಕಿಬಿದ್ದಿದ್ದಾಳೆ.

ಅತ್ತೆ ಇಲ್ಲಿನ ಶಾಲೆಯೊಂದರಲ್ಲಿ ಜರ್ಮನ್ ಕಲಿಸುತ್ತಿದ್ದವರು. ನಿವೃತ್ತಿಯ ದಿನ ಬೇರೆಯವರು ಗೋಡೆ ಗಡಿಯಾರ ಹೊತ್ತು ತಂದರೆ ಇವರು ಗ್ರಂಥಾಲಯದವರು ಎಸೆಯಲಿಟ್ಟಿದ್ದ, ಇಟ್ಟಿಗೆಯಂಥ ಚಾರಿತ್ರಿಕ ಕಾದಂಬರಿಯೊಂದನ್ನು ತಂದರು. ಒಳಗೆ ರಾಜರು, ಮಠಗಳು, ಕೋಟೆ ಮುತ್ತಿಗೆಗಳು. ಬರೆದವಳು ಹತ್ತೊಂಬತ್ತನೇ ಶತಮಾನದ ಒಬ್ಬ ಹೆಣ್ಣುಮಗಳು. ಮುಖಪುಟದ ಮೇಲಿದ್ದದ್ದು ಮಾತ್ರ ಗಂಡಸಿನ ಹೆಸರು. ಅವಳ ಬಗ್ಗೆ ಗೊತ್ತಿರುವುದನ್ನೆಲ್ಲ ಗುಡ್ಡೆ ಹಾಕಿದರೂ ಎರಡು ಪುಟ ತುಂಬುವುದು ಕಷ್ಟ. ಅತ್ತೆ ಅವಳ ಜೀವನಚರಿತ್ರೆಯನ್ನು ಕನ್ನಡದಲ್ಲಿ ಮುನ್ನೂರು ಪುಟ ಬರೆದರು. ಮೈಸೂರಿನ ಪ್ರಕಾಶಕರೊಬ್ಬರು ಅಚ್ಚು ಹಾಕಲು ಒಪ್ಪಿಯೂ ಬಿಟ್ಟರು. ಈಗ ಉಳಿದಿರುವ ಜಗಳ ಒಂದೇ, ಮುಖಪುಟದ ಮೇಲೆ ಯಾರ ಹೆಸರು? ಅತ್ತೆಗೆ ತಮ್ಮದು ಬೇಡವಂತೆ. ಮಾವನದು ಹಾಕಬೇಕಂತೆ!

ಬರೆಯುತ್ತಿದ್ದಷ್ಟು ದಿನವೂ ಅತ್ತೆ ಸಿಕ್ಕಿದವರಿಗೆಲ್ಲ ಅವಳ ಸುದ್ದಿ ಹಂಚಿದ್ದಾರೆ. ಪೇಟೆಗೆ ಹೋಗುವ ಮಟಾಟು ಎಂಬ ಮಿನಿಬಸ್ಸಿನ ಕಂಡಕ್ಟರನಿಗೂ ಕಥೆ ಕಂತು ಕಂತಾಗಿ ಗೊತ್ತು. ಒಮ್ಮೆ ಅವನು ನನ್ನನ್ನು ಗುರುತು ಹಿಡಿದು, ನಿಮ್ಮತ್ತೆಯ ಆ ಗೆಳತಿಯ ಕೆಮ್ಮು ವಾಸಿಯಾಯಿತೇ ಎಂದು ವಿಚಾರಿಸಿದ. ಅವಳು ತೀರಿಕೊಂಡಳಲ್ಲ ಎಂದೆ. ಅವನ ಮುಖ ಬಾಡಿತು. 'ಪೋಲೆ, ಪೋಲೆ ಸಾನಾ' ಎಂದು ಸಂತಾಪ ಹೇಳಿ, ನನ್ನಿಂದ ಟಿಕೆಟ್ಟಿನ ಹಣವನ್ನೇ ತೆಗೆದುಕೊಳ್ಳಲಿಲ್ಲ.

ಹಸ್ತಪ್ರತಿ ನನ್ನ ಕೈಗೆ ಬಂದದ್ದು ತಪ್ಪು ಹುಡುಕಲಿಕ್ಕೆ. ಆ ಕೆಲಸಕ್ಕೆ ನನಗಿಂತ ಯೋಗ್ಯರು ಯಾರಿದ್ದಾರೆ? ಮೂರನೇ ಅಧ್ಯಾಯದಲ್ಲೇ ಸಿಕ್ಕಿತು. ಆ ಜರ್ಮನ್ ಲೇಖಕಿ ಬರೆಯುವುದನ್ನು ಅರ್ಧಕ್ಕೇ ಬಿಟ್ಟು ಎದ್ದು ಓಡುತ್ತಾಳೆ. ಯಾಕೆ? ನಲ್ಲಿಯಲ್ಲಿ ನೀರು ಬಂತು, ಡ್ರಮ್ಮು ತುಂಬಿಸಬೇಕು! ನಾಲ್ಕನೆಯದರಲ್ಲಿ ಅವಳು ಮಾಡುವ ಸೂಪಿಗೆ ಒಗ್ಗರಣೆ ಬೀಳುತ್ತದೆ.

"ಅತ್ತೆ, ಆ ಕಾಲದ ಜರ್ಮನಿಯಲ್ಲೂ ಸೌತ್ ಬಿ ಥರ ವಾರಕ್ಕೆ ಎರಡೇ ದಿನ ನೀರು ಬಿಡ್ತಿದ್ರಾ?"

"ಬಿಡ್ತಿರಲಿಲ್ಲ ಅನ್ನೋದಕ್ಕೆ ನಿನ್ನ ಹತ್ರ ಎವಿಡೆನ್ಸ್ ಏನಿದೆ?"

"ಸಾಬೀತು ಮಾಡೋ ಹೊಣೆ ನಿಮ್ಮದು."

"ಅವಳೇನು ಚಕ್ರವರ್ತೀನ ಕಣ್ಣಾರೆ ಕಂಡಿದ್ಲೇನೇ? ಆದ್ರೂ ಕಾದಂಬರೀಲಿ ಅವನ ಹಲ್ಲುನೋವಿನ ಬಗ್ಗೆ ಇಡೀ ಚಾಪ್ಟರ್ ಬರೀಲಿಲ್ವಾ?"

ಎಷ್ಟೋ ಕಪ್ ಗೆದ್ದಿದ್ದ ನನಗೆ ಆ ಸುತ್ತಿನಲ್ಲಿ ಸಮಾಧಾನಕರ ಬಹುಮಾನವೂ ಸಿಗಲಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ. ಹೋದ ಭಾನುವಾರ ಕಿಲಿಮಾನಿಯ ನನ್ನ ಮನೆಯಿಂದ ಟ್ಯಾಕ್ಸಿ ಹಿಡಿದು ಹೋದಾಗ ಅತ್ತೆ ಪ್ರಕಾಶಕರಿಗೆ ಇಮೇಲ್ ಬರೆಯುತ್ತ ಕೂತಿದ್ದರು. ಪಕ್ಕದಲ್ಲಿ ಮಾವ, ನೇಣಿಗೆ ಹೊರಟವರಂತೆ. ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ಸುಖವಾಗಿ ನಿವೃತ್ತರಾದ ಮನುಷ್ಯ.

"ನಾಳೆ ಕನ್ನಡ ಸಂಘದಲ್ಲಿ ಯಾರಾದ್ರೂ ಎರಡನೇ ಅಧ್ಯಾಯದ ಬಗ್ಗೆ ಕೇಳಿದ್ರೆ ನಾನೇನು ಹೇಳ್ಲಿ?" ಎಂದರು ಮಾವ.

ನಾನು ವಾದ ಮಂಡಿಸಿದೆ. ಹೆಣ್ಣಿನ ಹೆಸರಿದ್ದರೆ ಪ್ರಕಾಶಕರು ಮುಟ್ಟುವುದಿಲ್ಲವೆಂದು ಆ ಲೇಖಕಿ ಹೆದರಿದ್ದಳು, ಸರಿ. ನಿಮ್ಮ ಪ್ರಕಾಶಕರು ನಿಮ್ಮ ಹೆಸರನ್ನೇ ಕೇಳುತ್ತಿದ್ದಾರೆ. ನಿಮಗೇನು ಅಡ್ಡಿ?

ಅತ್ತೆ ಮರುವಾದ ಹೂಡಲಿಲ್ಲ. ಅದೇ ನನಗೆ ಗಾಬರಿ.

"ಈ ಊರಲ್ಲಿ ನನ್ನನ್ನ ಎಲ್ಲರೂ ಪುಳಿಯೋಗರೆಯಿಂದ್ಲೇ ಗುರುತು ಹಿಡೀತಾರೆ ಕಣೇ," ಎಂದರು ಮೆಲ್ಲಗೆ. "ಪುಸ್ತಕ ನಂದು ಅಂದ್ರೆ, ಓ ಇವರದ್ದಾ, ಅಂತ ನಕ್ಕು ಪಕ್ಕಕ್ಕಿಡ್ತಾರೆ. ನಿಮ್ಮ ಮಾವನದ್ದು ಅಂದ್ರೆ ಅವಳನ್ನ ಒಂದ್ಸಲ ಓದ್ತಾರಲ್ಲ."

ಬ್ಯಾಗಿನಲ್ಲಿದ್ದ ಕೊನೆಯ ಅಧ್ಯಾಯವನ್ನು ತೆಗೆದು ಗಟ್ಟಿಯಾಗಿ ಓದಿದೆ. ಮುದುಕಿಯಾದ ಆ ಲೇಖಕಿ ಪುಸ್ತಕದಂಗಡಿಯ ಮುಂದೆ ನಿಂತಿದ್ದಾಳೆ. ಗಾಜಿನಾಚೆ ಅವಳದೇ ಕಾದಂಬರಿ, ಮೇಲೆ ಬೇರೆಯವನ ಹೆಸರು. ಒಳಗೊಬ್ಬಳು ಹುಡುಗಿ ಅದನ್ನು ಕೊಂಡು ಎದೆಗವಚಿಕೊಂಡು ಹೊರಗೆ ಬರುತ್ತಾಳೆ. ಮುದುಕಿಗೆ ತಡೆದು ಹೇಳಬೇಕೆನಿಸುತ್ತದೆ. ಬಾಯಿ ಬರುವುದಿಲ್ಲ. ಹುಡುಗಿ ತಿರುವಿನಲ್ಲಿ ಮರೆಯಾಗುತ್ತಾಳೆ.

ಇದಕ್ಕೆ ಯಾವ ಸಾಕ್ಷ್ಯವೂ ಇಲ್ಲ. ನಾನು ಕೇಳಲೂ ಇಲ್ಲ.

ಓದಿ ಮುಗಿಸಿದಾಗ ಮಾವ ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರು ಆ ಪುಸ್ತಕದ ಒಂದು ಸಾಲನ್ನಾದರೂ ಕೇಳಿದ್ದು ಅದೇ ಮೊದಲು. ಅತ್ತೆ ಇಮೇಲಿನಲ್ಲಿದ್ದ ಮಾವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಬೆರಳು ಅಲ್ಲೇ ನಿಂತಿತು.

"ಅತ್ತೆ," ಎಂದೆ, "ಆ ಅಂಗಡಿ ಮುಂದೆ ಅವಳ ಪಕ್ಕದಲ್ಲಿ ನೀವು ನಿಂತಿದ್ದಿದ್ರೆ, ಅವಳಿಗೆ ಏನು ಹೇಳ್ತಿದ್ರಿ?"