ಸದ್ದಿಲ್ಲದ ಫಿಲ್ಟರ್

ಹಲ್ಲಿನ ಡಾಕ್ಟರು ಪರದೆ ಸರಿಸಿ ಹೊರಗೆ ಇಣುಕಿದಾಗ ಬೆಂಚಿನ ಮೇಲೆ ಎರಡು ಚೀಲ, ಒಂದು ಛತ್ರಿ, ಒಂದು ಟೋಪಿ ಕೂತಿದ್ದವು. ಮನುಷ್ಯರು ಇರಲಿಲ್ಲ.

"ಟೋಕನ್ ಒಂದು ಎಲ್ಲಯ್ಯ?"

"ಒಂದಕ್ಕೆ ಹೋಗಿದಾರೆ ಸಾರ್," ಎಂದ ಕಾಂಪೌಂಡರ್.

"ಎರಡು?"

"ಅವರೂ ಒಂದಕ್ಕೇ."

"ಮೂರು?"

"ಬಾಗಿಲು ಬಡೀತಿದಾರೆ."

ತಪ್ಪು ಮೀನಿನ ತೊಟ್ಟಿಯದು. ಕಾಯುವವರ ಮನಸ್ಸು ಶಾಂತವಾಗಿರಲಿ ಎಂದು ಡಾಕ್ಟರ ಹೆಂಡತಿ ಬೆಂಚಿನ ಎದುರಿನ ಮೇಜಿನ ಮೇಲೆ ಇಡಿಸಿದ್ದ ಸಣ್ಣ ಗಾಜಿನ ತೊಟ್ಟಿ ಅದು. ಅದರೊಳಗಿನ ನೀರು ಸೋಸುವ ಹಳೇ ಫಿಲ್ಟರ್ ಬೆಳಗಿನಿಂದ ಸಂಜೆವರೆಗೆ ಗುಳುಗುಳು ಅನ್ನುತ್ತಿತ್ತು. ಮನಸ್ಸು ಶಾಂತವಾಗುತ್ತಿತ್ತೋ ಇಲ್ಲವೋ, ಆ ನೀರಿನ ಸದ್ದಿಗೆ ಹೊಟ್ಟೆಯ ಕೆಳಗೆ ಯಾರಿಗೂ ಶಾಂತಿ ಇರಲಿಲ್ಲ. ಸರದಿ ತಪ್ಪಿಸಿಕೊಂಡವರೆಲ್ಲ ಕಾಂಪೌಂಡರನ ಮೇಲೆ ಜಗಳಕ್ಕೆ ಬೀಳುತ್ತಿದ್ದರು.

ತೊಟ್ಟಿಯನ್ನೇ ತೆಗೆದುಬಿಡೋಣ ಎನ್ನುವ ಧೈರ್ಯ ಕಾಂಪೌಂಡರನಿಗಿರಲಿಲ್ಲ. ಡಾಕ್ಟರಿಗೂ ಇರಲಿಲ್ಲ.

"ಸಂಜೆ ಜನ ಬರೋ ಹೊತ್ತಿಗೆ ಸದ್ದಿಲ್ಲದ ಫಿಲ್ಟರ್ ಬಂದಿರಬೇಕು," ಎಂದರು ಡಾಕ್ಟರು. "ಬರ್ಲಿಲ್ಲ ಅಂದ್ರೆ ಸದ್ದಿಲ್ಲದೆ ನೀನು ಹೋಗು."

ಕಾಂಪೌಂಡರನಿಗೆ ಈ ಕೆಲಸ ಬಿಟ್ಟರೆ ಬೇರೆ ಗೊತ್ತಿದ್ದದ್ದು ಟೋಕನ್ ಕೊಡುವುದು. ಅದೂ ಈ ಕೆಲಸದ್ದೇ ಭಾಗ.

ಸುದ್ದಿ ಪಕ್ಕದ ಔಷಧಿ ಅಂಗಡಿ ಮುಟ್ಟಲು ನಡುವಿನ ಗೋಡೆಯೇನೂ ಅಡ್ಡ ಬರಲಿಲ್ಲ. ಅಂಗಡಿಯವರು ಕೆಮ್ಮಿಗೆ ಮಾತ್ರೆ ಕೊಡುವಷ್ಟೇ ಖಚಿತವಾಗಿ ಸಲಹೆ ಕೊಟ್ಟರು: ತೊಟ್ಟಿಯ ಅಂಚಿಗೆ ನೇತುಹಾಕುವ ಫಿಲ್ಟರ್ ತರಬೇಕು, ಅದರಲ್ಲಿ ಗುಳ್ಳೆಯೇ ಏಳುವುದಿಲ್ಲ. ತಂದು ಹಾಕಿದಾಗ ಗುಳ್ಳೆ ಏಳಲಿಲ್ಲ ನಿಜ. ಸೋಸಿದ ನೀರು ಅಂಚಿನಿಂದ ತೊಟ್ಟಿಯೊಳಕ್ಕೆ ಸೊರ್ರನೆ ಧುಮುಕುತ್ತಿತ್ತು. ಈ ಹೊಸ ಜಲಪಾತದ ಮುಂದೆ ಒಂದು ಗಳಿಗೆ ನಿಂತ ಡಾಕ್ಟರು ತಾವೂ ಅವಸರವಾಗಿ ಹಿಂಬಾಗಿಲ ಕಡೆ ನಡೆದರು.

ಮಹಡಿ ಮೇಲಿನ ಟೈಲರ್ ಟೇಪು ಕೊರಳಲ್ಲಿ ಹಾಕಿಕೊಂಡೇ ಇಳಿದು ಬಂದ. ಔಷಧಿಯವರ ಮಾತು ಕೇಳಿ ಕೆಟ್ಟೆ, ಮೋಟಾರು ಪೂರ್ತಿ ನೀರೊಳಗೆ ಮುಳುಗಿರುವಂಥದ್ದು ತಾ, ಮುಳುಗಿದವರು ಸದ್ದು ಮಾಡೋದುಂಟೇ ಎಂದ. ತೊಟ್ಟಿಯ ಅಳತೆ ತೆಗೆದು, ಬೆಳೆಯುವ ಮಕ್ಕಳಿಗೆ ಹೊಲಿಯುವ ಅಭ್ಯಾಸದಿಂದ, ಎರಡು ಸೈಜು ದೊಡ್ಡದೇ ಇರಲಿ ಎಂದೂ ಸೇರಿಸಿದ. ಅದನ್ನು ತಂದು ಹಾಕಿದಾಗ ಸದ್ದೇನೋ ಇಳಿಯಿತು. ಆದರೆ ನೀರಿನ ರಭಸಕ್ಕೆ ಮೀನುಗಳು ತೊಟ್ಟಿಯ ಆಚೆ ಗಾಜಿಗೆ ಒದ್ದೆ ಬಟ್ಟೆಯಂತೆ ಅಂಟಿಕೊಂಡವು.

"ಪಾಪ, ಇವಕ್ಕೂ ಹಲ್ಲು ಕೀಳ್ತಾರೇನಪ್ಪ?" ಎಂದು ಕೇಳಿದಳು, ಮಧ್ಯಾಹ್ನವೇ ಬಂದು ಸಂಜೆಯ ಸರದಿ ಹಿಡಿದು ಕೂತಿದ್ದ ಅಜ್ಜಿ.

ಎರಡು ಫಿಲ್ಟರನ್ನೂ ಕೊಟ್ಟಿದ್ದ ಸಾಕುಮೀನಿನ ಅಂಗಡಿಯವನು, ಕಾಂಪೌಂಡರ್ ಮತ್ತೆ ಬರುವುದನ್ನು ಕಂಡು ಶಟರ್ ಅರ್ಧ ಎಳೆದಿದ್ದ. ಇವನು ಬಗ್ಗಿ ಒಳಗೆ ನುಸುಳಿದ.

"ಸ್ಪಾಂಜಿನದು ತಗೋ. ಸಣ್ಣ ತೊಟ್ಟಿಗೆ ಅದೇ ಸರಿ, ಮೀನಿಗೂ ಸುಖ."

"ಗುಳ್ಳೆ ಬರುತ್ತಾ?"

"ಬರದೆ? ಗಾಳಿ ಊದಿದ್ರೆ ತಾನೇ ನೀರು ಸ್ಪಾಂಜೊಳಗೆ ಹಾಯೋದು."

"ಹಾಗಾದ್ರೆ ಬೇಡ. ಮೀನಿನ ಸುಖ ಆಮೇಲೆ ನೋಡೋಣ, ನನ್ನ ಹೊಟ್ಟೆಪಾಡು ನೋಡಣ್ಣ."

ಅಂಗಡಿಯವನು ನಿಟ್ಟುಸಿರು ಬಿಟ್ಟು ಅಟ್ಟದಿಂದ ಡಬ್ಬಿಯಂಥದ್ದೊಂದನ್ನು ಇಳಿಸಿದ. ಅದು ತೊಟ್ಟಿಯ ಹೊರಗೆ, ಮೇಜಿನ ಕೆಳಗೆ ಕೂರುವ ಫಿಲ್ಟರ್. ಒಂದು ಕೊಳವೆಯಿಂದ ನೀರು ಎಳೆದುಕೊಂಡು, ಸೋಸಿ, ಇನ್ನೊಂದರಿಂದ ನೀರೊಳಗೇ ಮೆಲ್ಲಗೆ ಬಿಡುತ್ತದೆ. ಹಾಕಿ ತೋರಿಸಿದಾಗ ಕಾಂಪೌಂಡರ್ ಅದಕ್ಕೆ ಕಿವಿ ಆನಿಸಿ, ಕೆಟ್ಟುಹೋಗಿದೆ, ಬೇರೆ ಕೊಡು ಎಂದ. ಅದು ಓಡುತ್ತಲೇ ಇದೆ ಎಂದು ಅಂಗಡಿಯವನು ಆಣೆ ಮಾಡಬೇಕಾಯಿತು.

ಸಂಜೆ ಬೆಂಚು ತುಂಬಿತು. ಒಬ್ಬರೂ ಎದ್ದು ಹೋಗಲಿಲ್ಲ. ಔಷಧಿ ಅಂಗಡಿಯವರೂ ಟೈಲರೂ ಬಾಗಿಲಲ್ಲಿ ನಿಂತು, ಇದು ತಾವು ಮೊದಲೇ ಹೇಳಿದ್ದು ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಡಾಕ್ಟರು ಕಾಂಪೌಂಡರನ ಬೆನ್ನು ತಟ್ಟಿ, ಬೆಳಗ್ಗೆ ಸರದಿ ತಪ್ಪಿದವರೊಬ್ಬರನ್ನು ಮೊದಲು ಒಳಗೆ ಕರೆದು ಪರದೆ ಎಳೆದರು.

ತಟ್ಟೆಯ ಮೇಲೆ ಸೂಜಿ ಇಟ್ಟದ್ದು ಕೇಳಿಸಿತು. ಆಮೇಲೆ ಹಲ್ಲು ಕೊರೆಯುವ ಯಂತ್ರ. ಬೆಂಚಿನವರೆಲ್ಲ ಒಟ್ಟಿಗೇ ದವಡೆ ಹಿಡಿದುಕೊಂಡರು. ಯಂತ್ರ ನಿಂತಿತು. ಇಕ್ಕಳ ಕಿರುಗುಟ್ಟಿತು. ಯಾರೋ ಮೂಗಿನಿಂದ ದೇವರನ್ನು ಕರೆದರು. ಕೊನೆಗೆ ಡಾಕ್ಟರ ದನಿ, ತಮ್ಮಷ್ಟಕ್ಕೆ ಹೇಳಿಕೊಳ್ಳುವಷ್ಟು ಮೆಲ್ಲಗೆ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ:

"ಛೆ, ಇದಲ್ಲ. ಇದರ ಪಕ್ಕದ್ದು."

ಇಷ್ಟು ವರ್ಷ ಇಂಥ ಮಾತನ್ನೆಲ್ಲ ನುಂಗಿಕೊಂಡಿದ್ದ ಗುಳುಗುಳು ಈಗ ಕಸದ ಬುಟ್ಟಿಯಲ್ಲಿತ್ತು.

ಮೊದಲು ಅಜ್ಜಿ ಎದ್ದಳು. ನೋವು ತಾನಾಗಿ ಹೋಯಿತಂತೆ. ಒಬ್ಬರಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಇನ್ನಿಬ್ಬರು ಆ ಹಾಲು ಇಳಿಸಲು ಜೊತೆಗೆ ಹೊರಟರು. ಔಷಧಿ ಅಂಗಡಿಯವರು ಫಿಲ್ಟರ್ ಆರಿಸಿದ್ದು ಟೈಲರ್ ಎಂದರು. ಟೈಲರ್ ಆಗಲೇ ಮಹಡಿ ಹತ್ತಿದ್ದ.

ಒಳಗಿದ್ದವರು ಕೆನ್ನೆ ಹಿಡಿದುಕೊಂಡು ಓಡಿದ ಮೇಲೆ ಡಾಕ್ಟರು ಹೊರಬಂದರು.

"ಎಲ್ಲಯ್ಯ ಜನ? ಸದ್ದಿತ್ತಾ?"

"ಇರ್ಲಿಲ್ಲ ಸಾರ್. ಅದಕ್ಕೇ ಹೋದ್ರು."

ಡಾಕ್ಟರಿಗೆ ಅರ್ಥವಾಗಲಿಲ್ಲ. ತಿರುಗಿ ಒಳಗಿನ ಕುರ್ಚಿ ನೋಡಿದರು.

"ಕುರ್ಚಿ ಖಾಲಿ ಬಿದ್ದಿದ್ರೆ ಹೊಸಬರೂ ಬರಲ್ಲ. ಯಾರಾದ್ರೂ ಕೂತಿರಬೇಕು. ಬಾ, ನಿನ್ನ ಬಾಯಿ ನೋಡೋಣ."

"ನನಗೇನೂ ನೋವಿಲ್ಲ ಸಾರ್. ಎಲ್ಲಾ ಗಟ್ಟಿಯಾಗಿವೆ."

"ಅದನ್ನ ಹೇಳೋಕೆ ನಾನಿಲ್ವೇನಯ್ಯ? ಕೆಲಸ ಬೇಕೋ ಬೇಡ್ವೋ?"

ಪರದೆ ಮುಚ್ಚಿತು. ಹೊರಗೆ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಒಳಗೆ ಕಾಂಪೌಂಡರ್ ಬಾಯಿ ತೆರೆದ. ಮುಚ್ಚುವ ಮಾತು ಡಾಕ್ಟರು ಎತ್ತಲಿಲ್ಲ.